ಖರ್ಚಿಲ್ಲದ ಹಬ್ಬ: ಸಂತ ಫಿಲಿಪ್ ನೇರಿಯವರ ಬದುಕು



ನಿಮ್ಮ ಮನೆಯ ಕಳೆದ ವರ್ಷದ ಖರ್ಚನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಅಕ್ಕಿ, ಬೇಳೆ, ಶಾಲೆಯ ಫೀಸು, ಔಷಧಿ, ಇವುಗಳನ್ನು ಬದಿಗಿಡಿ. ಇವು ಬೇಕೇ ಬೇಕು. ಉಳಿದ ಖರ್ಚಿನಲ್ಲಿ ಸಂತೋಷಕ್ಕಾಗಿ ಎಂದು ಮಾಡಿದ್ದೆಷ್ಟು? ಮಗುವಿನ ಪ್ರಥಮ ಪರಮಪ್ರಸಾದದ ದಿನ ಹಾಲ್ ಹಿಡಿದು ಹಾಕಿಸಿದ ಊಟ, ಚರ್ಚಿನ ಹಬ್ಬಕ್ಕೆಂದು ಎಲ್ಲರಿಗೂ ಕೊಂಡ ಬಟ್ಟೆ, ಪಕ್ಕದ ಮನೆಯಲ್ಲಿ ಇದೆಯೆಂದು ಕಂತಿನ ಮೇಲೆ ತಂದ ದೊಡ್ಡ ಟಿ.ವಿ. ಇವುಗಳಿಂದ ಬಂದ ಸಂತೋಷದಲ್ಲಿ ಇಂದು ಮನೆಯಲ್ಲಿ ಉಳಿದಿರುವುದು ಎಷ್ಟು, ಸಾಲದಲ್ಲಿ ಉಳಿದಿರುವುದು ಎಷ್ಟು? ಸಂತೋಷ ಒಂದು ವಾರಕ್ಕೆ ಮುಗಿದು, ಕಂತು ಮೂರು ವರ್ಷ ಮುಂದುವರಿಯುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಗಂಡ ಹೆಂಡಿರ ಜಗಳಕ್ಕೆ ಅನೇಕ ಸಲ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಣ ಸುರಿಯದೆ ಹಬ್ಬ ಮಾಡುವುದು ಹೇಗೆ ಎಂಬುದನ್ನು ಒಂದು ಇಡೀ ನಗರಕ್ಕೆ ಕಲಿಸಿಕೊಟ್ಟ ಸಂತರೊಬ್ಬರಿದ್ದಾರೆ. ಅವರು ಸಂತ ಫಿಲಿಪ್ ನೇರಿ. ಧರ್ಮಸಭೆ ಅವರ ಹಬ್ಬವನ್ನು ಮೇ 26ರಂದು ಆಚರಿಸುತ್ತದೆ. ನಗುವಿನ ಸಂತರೆಂದು ನಾವು ಅವರನ್ನು ಬಲ್ಲೆವು. ಆ ನಗುವಿಗೆ ತಗಲುತ್ತಿದ್ದ ವೆಚ್ಚ ಎಷ್ಟು ಕಡಿಮೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ.

ಫಿಲಿಪರು ಹುಟ್ಟಿದ್ದು 1515ರ ಜುಲೈ ತಿಂಗಳಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆ ಫ್ರಾನ್ಸೆಸ್ಕೊ ನೇರಿ ದಸ್ತಾವೇಜು ಬರೆಯುವ ವೃತ್ತಿಯವರು. ಅವರಿಗೆ ರಸವಿದ್ಯೆಯ ಹುಚ್ಚು. ಕೀಳು ಲೋಹವನ್ನು ಚಿನ್ನ ಮಾಡುವ ಆಸೆ ಆ ಕಾಲದಲ್ಲಿ ಅನೇಕ ಮನೆಗಳ ಹಣವನ್ನು ತಿಂದುಹಾಕಿತ್ತು. ತಾಯಿ ಲುಕ್ರೇಸಿಯಾ, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಆದರೂ ಹುಡುಗನ ಸ್ವಭಾವದಲ್ಲಿ ಕಹಿ ಸೇರಲಿಲ್ಲ. ಒಳ್ಳೆಯ ಪಿಪ್ಪೊ ಎಂದೇ ಜನ ಅವನನ್ನು ಕರೆಯುತ್ತಿದ್ದರು.

ಹದಿನೆಂಟರ ಹೊತ್ತಿಗೆ ತಂದೆ ಅವನನ್ನು ಸಾನ್ ಜೆರ್ಮಾನೊ ಎಂಬ ಊರಿಗೆ ಕಳುಹಿಸಿದರು. ಇಂದಿನ ಕಸ್ಸಿನೊ ಪಟ್ಟಣವೇ ಅದು. ಅಲ್ಲಿ ಸಂಬಂಧಿಕರೊಬ್ಬರು ವ್ಯಾಪಾರ ಮಾಡಿ ಚೆನ್ನಾಗಿ ಸಂಪಾದಿಸಿದ್ದರು. ಹುಡುಗ ವ್ಯಾಪಾರ ಕಲಿಯಲಿ, ಮುಂದೆ ಅವರ ಆಸ್ತಿಗೆ ವಾರಸುದಾರನಾಗಲಿ ಎಂಬುದು ಮನೆಯವರ ಲೆಕ್ಕ. ಕೈಗೆ ಬಂದ ಆ ಆಸ್ತಿಯನ್ನು ಫಿಲಿಪರು ಬೇಡವೆಂದರು. ಜಗಳವಾಡಲಿಲ್ಲ, ಸಂಬಂಧ ಕೆಡಿಸಿಕೊಳ್ಳಲಿಲ್ಲ. 1533ರ ಸುಮಾರಿಗೆ ಬರಿಗೈಯಲ್ಲಿ ರೋಮಿನ ದಾರಿ ಹಿಡಿದರು.

ರೋಮಿನಲ್ಲಿ ಫ್ಲಾರೆನ್ಸಿನವರೇ ಆದ ಗಲೆಯೊತ್ತೊ ಕಚ್ಚಾ ಎಂಬ ಸುಂಕದ ಅಧಿಕಾರಿ ತಮ್ಮ ಮನೆಯ ಅಟ್ಟದ ಮೇಲಿನ ಕೋಣೆಯನ್ನು ಕೊಟ್ಟರು, ಊಟಕ್ಕೆ ಗೋಧಿ ಕೊಟ್ಟರು. ಪ್ರತಿಯಾಗಿ ಫಿಲಿಪರು ಅವರ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳಬೇಕು. ಆ ಗೋಧಿಯನ್ನು ಬ್ರೆಡ್ ಮಾಡುವವನಿಗೆ ಕೊಟ್ಟು, ರೊಟ್ಟಿ ಪಡೆದು, ಜೊತೆಗೆ ಕೆಲವು ಆಲಿವ್ ಕಾಯಿ ತಿಂದು, ಬಾವಿಯ ನೀರು ಕುಡಿದು ಅವರು ವರ್ಷಗಳನ್ನು ಕಳೆದರು. ಕೋಣೆಯಲ್ಲಿ ಇದ್ದದ್ದು ಒಂದು ಹಾಸಿಗೆ, ಕೆಲವು ಪುಸ್ತಕ, ಬಟ್ಟೆ ನೇತುಹಾಕಲು ಒಂದು ಹಗ್ಗ. ಮೂರು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರ ಓದಿದರು. ನಂತರ ಆ ಪುಸ್ತಕಗಳನ್ನೂ ಮಾರಿ ಹಣವನ್ನು ಬಡವರಿಗೆ ಹಂಚಿದರು.

ಇಷ್ಟು ಕೇಳಿದಾಗ ನಿಮ್ಮ ಕಣ್ಣಮುಂದೆ ಬಾಡಿದ ಮುಖದ ಒಬ್ಬ ತಪಸ್ವಿ ಬಂದಿರಬಹುದು. ನಡೆದದ್ದು ಅದಕ್ಕೆ ತದ್ವಿರುದ್ಧ. ಈ ಯುವಕ ರೋಮಿನ ಬೀದಿಗಳಲ್ಲಿ, ಅಂಗಡಿಗಳ ಮುಂದೆ ನಿಂತು ಗುಮಾಸ್ತರೊಡನೆ, ಕೆಲಸದ ಹುಡುಗರೊಡನೆ ಹರಟುತ್ತಿದ್ದರು, ನಗಿಸುತ್ತಿದ್ದರು, ಮಾತಿನ ನಡುವೆ ಮೆಲ್ಲನೆ ದೇವರ ವಿಷಯ ಎತ್ತುತ್ತಿದ್ದರು. ರಾತ್ರಿ ಒಬ್ಬರೇ ನಗರದ ಹೊರಗಿನ ನೆಲಮಾಳಿಗೆಯ ಸಮಾಧಿಗಳಿಗೆ ಹೋಗಿ ಪ್ರಾರ್ಥಿಸುತ್ತಿದ್ದರು. 1544ರ ಪೆಂತೆಕೋಸ್ತ್ ಹಬ್ಬದ ಸಮಯದಲ್ಲಿ ಸಂತ ಸೆಬಾಸ್ಟಿಯನ್ನರ ಸಮಾಧಿನೆಲೆಯಲ್ಲಿ ಪವಿತ್ರಾತ್ಮರ ಪ್ರೀತಿ ಬೆಂಕಿಯಂತೆ ತಮ್ಮ ಎದೆಯನ್ನು ತುಂಬಿದ ಅನುಭವ ಅವರಿಗಾಯಿತು. ಅವರ ಸಂತೋಷದ ಬುಗ್ಗೆ ಎಲ್ಲಿತ್ತು ಎಂಬುದನ್ನು ನೀವು ಇಲ್ಲಿ ಗುರುತಿಸಬೇಕು. ಒಳಗೆ ಬುಗ್ಗೆ ಇದ್ದವನಿಗೆ ಹೊರಗಿನಿಂದ ನೀರು ಕೊಳ್ಳುವ ಅವಸರವಿರುವುದಿಲ್ಲ.

1548ರಲ್ಲಿ ಅವರೂ ಅವರ ಪಾಪನಿವೇದನೆಯ ಗುರುಗಳಾದ ಪೆರ್ಸಿಯಾನೊ ರೋಸಾ ಅವರೂ ಸೇರಿ ಶ್ರೀಸಾಮಾನ್ಯರ ಒಂದು ಸಂಘ ಕಟ್ಟಿದರು. 1550ರ ಜುಬಿಲಿ ವರ್ಷದಲ್ಲಿ ರೋಮಿಗೆ ಬಂದ ಬಡ ಯಾತ್ರಿಕರಿಗೆ ಆ ಸಂಘ ಊಟ, ಹಾಸಿಗೆ ಒದಗಿಸಿತು. 1551ರ ಮೇ 23ರಂದು, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ, ಫಿಲಿಪರು ಗುರುದೀಕ್ಷೆ ಪಡೆದು ಸಂತ ಜೆರೋಮರ ಹೆಸರಿನ ದೇವಾಲಯದಲ್ಲಿ ವಾಸಿಸತೊಡಗಿದರು. ಮಧ್ಯಾಹ್ನದ ಹೊತ್ತು ಅವರ ಕೋಣೆಗೆ ಕೆಲವರು ಬರುತ್ತಿದ್ದರು. ಒಂದಿಷ್ಟು ಓದು, ಒಂದಿಷ್ಟು ಮಾತು, ಪ್ರಾರ್ಥನೆ, ಹಾಡು. ಜನ ಹೆಚ್ಚಿ ಕೋಣೆ ಸಾಲದಾದಾಗ ದೇವಾಲಯದ ಮೇಲಂತಸ್ತಿನಲ್ಲಿ ಒಂದು ಪ್ರಾರ್ಥನಾ ಮಂದಿರ ಸಿದ್ಧವಾಯಿತು. ಒರಟೋರಿ ಎಂಬ ಹೆಸರು ಬಂದದ್ದು ಅಲ್ಲಿಂದ.

ಈಗ ನಾವು ಹಬ್ಬದ ವಿಷಯಕ್ಕೆ ಬರೋಣ. ತಪಸ್ಸುಕಾಲಕ್ಕೆ ಮುಂಚಿನ ದಿನಗಳಲ್ಲಿ ರೋಮಿನಲ್ಲಿ ಕಾರ್ನಿವಾಲಿನ ಗದ್ದಲ. ಮುಖವಾಡ, ಕುಡಿತ, ಕುದುರೆ ಓಟ, ಜೂಜು. ಯುವಕರು ಕೈಯಲ್ಲಿದ್ದುದನ್ನೂ ಕಳೆದು, ಮಾನವನ್ನೂ ಕಳೆದು ಮನೆಗೆ ಮರಳುತ್ತಿದ್ದರು. ಇದನ್ನು ಕಂಡ ಗುರುಗಳು ಪೀಠದಿಂದ ಬೈಯಬಹುದಿತ್ತು. ಬೈದವರು ಅನೇಕರಿದ್ದರು. ಫಿಲಿಪರು ಬೈಯುವ ಬದಲು ಇನ್ನೂ ಚೆನ್ನಾದ ಒಂದು ಹಬ್ಬವನ್ನು ಎದುರಿಗಿಟ್ಟರು. ಅದೇ ಏಳು ದೇವಾಲಯಗಳ ಯಾತ್ರೆ.

ಸಂತ ಪೇತ್ರರ ಮಹಾದೇವಾಲಯ, ನಗರದ ಗೋಡೆಯ ಹೊರಗಿನ ಸಂತ ಪೌಲರ ದೇವಾಲಯ, ಸಂತ ಸೆಬಾಸ್ಟಿಯನ್, ಲ್ಯಾಟರನ್ನಿನ ಸಂತ ಯೊವಾನ್ನರ ದೇವಾಲಯ, ಪವಿತ್ರ ಶಿಲುಬೆಯ ದೇವಾಲಯ, ಸಂತ ಲಾರೆನ್ಸ್, ಕೊನೆಗೆ ಮಾತೆ ಮರಿಯಮ್ಮನವರ ಮಹಾದೇವಾಲಯ. ಸುಮಾರು 20 ಕಿಲೋಮೀಟರ್ ಕಾಲ್ನಡಿಗೆ. ದಾರಿಯುದ್ದಕ್ಕೂ ಹಾಡು, ಪ್ರಾರ್ಥನೆ, ನಡುನಡುವೆ ನಗು. ಬಲಿಪೂಜೆ, ಪರಮಪ್ರಸಾದ ಸ್ವೀಕಾರ ಆದ ಮೇಲೆ ಮತ್ತೈ ಮನೆತನದವರ ತೋಟದಲ್ಲಿ ಹುಲ್ಲಿನ ಮೇಲೆ ಕುಳಿತು ಊಟ. ಪ್ರತಿಯೊಬ್ಬರಿಗೂ ರೊಟ್ಟಿ, ಸ್ವಲ್ಪ ಗಿಣ್ಣು, ಮೊಟ್ಟೆ, ಹಣ್ಣು, ಮಿತವಾಗಿ ದ್ರಾಕ್ಷಾರಸ. ಶ್ರೀಮಂತರ ಮಗನೂ ಕಮ್ಮಾರನ ಮಗನೂ ಅಕ್ಕಪಕ್ಕದಲ್ಲಿ ಕುಳಿತು ಅದನ್ನೇ ಉಣ್ಣುತ್ತಿದ್ದರು. ಊಟದ ಹೊತ್ತಿಗೆ ಸಂಗೀತ ಬೇರೆ. ಮೊದಲು ಕೆಲವೇ ಮಂದಿ ಹೊರಟಿದ್ದರು. ಮುಂದೆ ಅದು ನೂರಾರು ಜನರ ಮೆರವಣಿಗೆಯಾಯಿತು.

ಹಬ್ಬದ ದಿನಗಳ ಸಂಜೆ ಅವರು ಯುವಕರನ್ನು ಜಾನಿಕುಲಂ ಬೆಟ್ಟದ ಮೇಲಿನ ಸಂತ ಒನೋಫ್ರಿಯೊ ಮಠದ ಬಳಿಗೆ ಕರೆದೊಯ್ಯುತ್ತಿದ್ದರು. ಕೆಳಗೆ ಇಡೀ ರೋಮ್ ನಗರ ಹರಡಿಕೊಂಡಿದೆ, ಮೇಲೆ ಮರದ ನೆರಳು, ತಂಪು ಗಾಳಿ, ಹಾಡು. ನೋಟಕ್ಕೂ ಗಾಳಿಗೂ ಯಾರೂ ಟಿಕೆಟ್ ಕೇಳಲಿಲ್ಲ. ಸಂತ ಪೇತ್ರರ ದೇವಾಲಯದ ಸಂಗೀತ ನಿರ್ದೇಶಕರಾಗಿದ್ದ ಜೊವಾನ್ನಿ ಅನಿಮುಚ್ಚಾ ಅವರೇ ಈ ಕೂಟಗಳಿಗೆ, ಜನರ ಭಾಷೆಯಲ್ಲಿ, ಎಲ್ಲರೂ ಹಾಡಬಲ್ಲ ಸರಳ ಕೀರ್ತನೆಗಳನ್ನು ರಚಿಸಿಕೊಟ್ಟರು. ಇಂದು ಪಾಶ್ಚಾತ್ಯ ಸಂಗೀತದಲ್ಲಿ ಒರಟೋರಿಯೊ ಎಂದು ಕರೆಯುವ ಪ್ರಕಾರಕ್ಕೆ ಹೆಸರು ಬಂದದ್ದು ಈ ಪ್ರಾರ್ಥನಾ ಮಂದಿರದಿಂದಲೇ. ಬಿಟ್ಟಿ ಸಂತೋಷ ಎಂದರೆ ಕಳಪೆ ಸಂತೋಷವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಎಲ್ಲರಿಗೂ ಇದು ಹಿಡಿಸಲಿಲ್ಲ. ಇಷ್ಟು ಜನರನ್ನು ಬೀದಿಯಲ್ಲಿ ಹಾಡಿಸುತ್ತಾ ಕರೆದೊಯ್ಯುವ ಗುರು ಹೊಸ ಪಂಥ ಕಟ್ಟುತ್ತಿದ್ದಾರೆಂಬ ಅನುಮಾನ ಹುಟ್ಟಿತು. 1559ರಲ್ಲಿ ರೋಮಿನ ಆಡಳಿತ ನೋಡುತ್ತಿದ್ದ ಕಾರ್ಡಿನಲ್ ಅವರನ್ನು ಕರೆಸಿ ಗದರಿದರು. ಯಾತ್ರೆ ನಿಂತಿತು. ಪಾಪನಿವೇದನೆ ಕೇಳುವುದನ್ನೂ ಕೆಲಕಾಲ ನಿಷೇಧಿಸಲಾಯಿತು. ಫಿಲಿಪರು ಎದುರಾಡಲಿಲ್ಲ, ವಿಧೇಯರಾಗಿ ಕಾದರು. ಅನುಮಾನ ಕರಗಿತು, ಯಾತ್ರೆ ಮತ್ತೆ ಹೊರಟಿತು.

ಅವರ ತಮಾಷೆಗಳೂ ಹಾಗೆಯೇ, ಹಣದ ಹಂಗಿಲ್ಲದವು. ತಮ್ಮನ್ನು ಸಂತರೆಂದು ನೋಡಲು ಬರುವವರನ್ನು ಬೆಪ್ಪಾಗಿಸಲು ಗಡ್ಡವನ್ನು ಅರ್ಧ ಬೋಳಿಸಿಕೊಂಡು ಹೊರಬರುತ್ತಿದ್ದರು. ಕೋಣೆಯ ಮುಂದೆ ಹುಡುಗರು ಚೆಂಡಾಟವಾಡಿ ಗದ್ದಲವೆಬ್ಬಿಸಿದರೂ ಬೇಸರಿಸುತ್ತಿರಲಿಲ್ಲ. ಪಾಪ ಮಾಡದಿದ್ದರೆ ಸಾಕು, ಗದ್ದಲ ಇರಲಿ ಎಂಬುದು ಅವರ ನಿಲುವು. ಧರ್ಮಸಭೆಯ ಮಹಾ ಇತಿಹಾಸಕಾರರಾಗಿ, ಮುಂದೆ ಕಾರ್ಡಿನಲ್ ಆದ ಚೇಸರೆ ಬರೋನಿಯೊ ಅವರಿಂದ ಫಿಲಿಪರು ಅಡುಗೆ ಮಾಡಿಸುತ್ತಿದ್ದರು. ಆ ಪಂಡಿತರು ತಾವು ಶಾಶ್ವತ ಅಡುಗೆಯವರೆಂದು ಒಲೆಯ ಮೇಲೆ ಬರೆದುಕೊಂಡರಂತೆ! 1583ರಲ್ಲಿ ಫಿಲಿಪರು ಹೊಸ ದೇವಾಲಯದ ಮನೆಗೆ ವಾಸ ಬದಲಿಸಿದಾಗ ಅವರ ಬೆಕ್ಕು ಹಳೆಯ ಕೋಣೆಯಲ್ಲೇ ಉಳಿಯಿತು. ದೊಡ್ಡ ಮನುಷ್ಯರಾದ ಶಿಷ್ಯರೇ ದಿನವೂ ಕೀಲಿಕೈ ಹಿಡಿದು ಹೋಗಿ ಅದಕ್ಕೆ ತಿನ್ನಲು ಹಾಕಿ ಬರಬೇಕಾಗಿತ್ತು. ಬಂದವರನ್ನು ಬೆಕ್ಕು ಊಟ ಮಾಡಿತೇ ಎಂದು ವಿಚಾರಿಸಿಯೇ ಅವರು ಬೇರೆ ಮಾತಿಗೆ ಬರುತ್ತಿದ್ದರು.

ಓದುಗರೇ, ಇದರಲ್ಲಿರುವ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ನೋಡೋಣ. ಸಂತ ಥಾಮಸ್ ಅಕ್ವಿನಾಸರು ಸಂಪತ್ತನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಅನ್ನ, ಬಟ್ಟೆ, ಸೂರು ಮೊದಲಾದ ಸಹಜ ಸಂಪತ್ತಿಗೆ ಒಂದು ಮಿತಿಯಿದೆ. ಹೊಟ್ಟೆ ತುಂಬಿದ ಮೇಲೆ ಅನ್ನ ಸಾಕು ಎನಿಸುತ್ತದೆ. ಹಣದಂತಹ ಕೃತಕ ಸಂಪತ್ತಿನ ಆಸೆಗೆ ಮಾತ್ರ ಸಾಕು ಎಂಬುದಿಲ್ಲ. ನಮ್ಮ ಸಂತೋಷಗಳನ್ನೂ ಹೀಗೆ ವಿಂಗಡಿಸಬಹುದು. ನಡಿಗೆ, ಹಾಡು, ಹಸಿದಾಗಿನ ಊಟ, ಗೆಳೆಯರ ಮಾತು ನಮ್ಮನ್ನು ತಣಿಸುತ್ತವೆ. ಹೋಲಿಕೆಯಿಂದ ಹುಟ್ಟಿದ ಸಂತೋಷ ತಣಿಸುವುದಿಲ್ಲ. ಪಕ್ಕದವರು ಇನ್ನೂ ದೊಡ್ಡದನ್ನು ತಂದ ದಿನವೇ ಅದು ಸಾಯುತ್ತದೆ. ಫಿಲಿಪರು ಯುವಕರಿಗೆ ಖರ್ಚು ಕಡಿಮೆ ಮಾಡಿರೆಂದು ಉಪದೇಶಿಸುತ್ತಾ ಕೂರಲಿಲ್ಲ. ತಣಿಸುವ ಸಂತೋಷವನ್ನು ಉಣಬಡಿಸಿದರು. ಅದನ್ನು ಉಂಡವನಿಗೆ ಇನ್ನೊಂದರ ಹಸಿವು ತಾನಾಗಿಯೇ ಇಳಿಯಿತು. ಕೈಯಲ್ಲಿ ಹಣವೂ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಈ ಮಾತನ್ನು ದುಡಿದರೂ ಹೊಟ್ಟೆ ತುಂಬದವರ ಮೇಲೆ ಹೊರಿಸಬಾರದು. ಫಿಲಿಪರ ರೊಟ್ಟಿ ಆಲಿವ್ ಅವರೇ ಆರಿಸಿಕೊಂಡದ್ದು. ಕೂಲಿ ಸಾಲದೆ ಅರೆಹೊಟ್ಟೆಯಲ್ಲಿ ಮಲಗುವ ತಾಯಿ ಅದನ್ನು ಆರಿಸಿಕೊಂಡಿಲ್ಲ. ಅಂಥವರಿಗೆ ತೃಪ್ತಿಯ ಪಾಠ ಹೇಳುವುದು ಅನ್ಯಾಯ. ಅವರಿಗೆ ಸಲ್ಲಬೇಕಾದ್ದು ನ್ಯಾಯವಾದ ಕೂಲಿ ಮತ್ತು ನಮ್ಮ ನೆರವು. ಫಿಲಿಪರು ತಮ್ಮ ಪುಸ್ತಕ ಮಾರಿದ ಹಣವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಿಲ್ಲ, ಯಾತ್ರಿಕರನ್ನು ಹಸಿದು ಮಲಗಲು ಬಿಡಲಿಲ್ಲ. ಉಳಿತಾಯ ಪುಣ್ಯವಾಗುವುದು ಅದು ಇನ್ನೊಬ್ಬರ ತಟ್ಟೆಯನ್ನು ತಲುಪಿದಾಗ.

ಈ ಸಂತರಿಗೂ ನಮ್ಮ ನಾಡಿಗೂ ಒಂದು ನಂಟಿದೆ. 1550ರ ದಶಕದಲ್ಲಿ ಭಾರತದಿಂದ ಯೇಸುಸಭೆಯವರು ಬರೆಯುತ್ತಿದ್ದ ಪತ್ರಗಳನ್ನು ಒರಟೋರಿಯ ಕೂಟಗಳಲ್ಲಿ ಓದುತ್ತಿದ್ದರು. ಅವನ್ನು ಕೇಳಿ ಫಿಲಿಪರಿಗೂ ಸುಮಾರು ಇಪ್ಪತ್ತು ಸಂಗಡಿಗರಿಗೂ ಭಾರತಕ್ಕೆ ಹೊರಡುವ ಹಂಬಲ ಹುಟ್ಟಿತು. ಸಲಹೆ ಕೇಳಲು ಹೋದಾಗ ಸಿಸ್ಟರ್ಸಿಯನ್ ಮಠದ ಸನ್ಯಾಸಿಯೊಬ್ಬರು ಅವರ ಭಾರತ ರೋಮಿನಲ್ಲಿಯೇ ಇದೆಯೆಂದು ತಿಳಿಸಿದರು. ಅವರು ಉಳಿದರು. ಆದರೆ ಅವರ ಒರಟೋರಿ ಬಂದಿತು. ಗೋವಾದ ಸಂತ ಜೋಸೆಫ್ ವಾಜರು 1681ರಿಂದ 1684ರವರೆಗೆ ಕೆನರಾದ ನಮ್ಮ ಕ್ರೈಸ್ತರ ನಡುವೆ ಬರಿಗಾಲಲ್ಲಿ ಅಲೆದು ಸೇವೆ ಮಾಡಿದರು. ಬಳಿಕ ಗೋವಾಕ್ಕೆ ಮರಳಿ ಫಿಲಿಪರ ಮಾದರಿಯಲ್ಲೇ ಒರಟೋರಿ ಸಭೆಯನ್ನು ರೂಪಿಸಿದರು. ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ಹೋಗುವ ನೀವು ತಿಳಿದೋ ತಿಳಿಯದೆಯೋ ಫಿಲಿಪರ ಮನೆತನವನ್ನೇ ಭೇಟಿಮಾಡಿ ಬರುತ್ತೀರಿ.

1575ರಲ್ಲಿ ಜಗದ್ಗುರು 13ನೇ ಗ್ರೆಗರಿಯವರು ಫಿಲಿಪರ ಸಭೆಗೆ ಮನ್ನಣೆ ಕೊಟ್ಟರು. ಕಾರ್ಡಿನಲ್ ಪದವಿ ಅವರ ಬಾಗಿಲಿಗೆ ಬಂದಾಗ ಅದನ್ನೂ ನಗುನಗುತ್ತಲೇ ತಪ್ಪಿಸಿಕೊಂಡರು. ಎಂಬತ್ತಕ್ಕೆ ಎರಡು ತಿಂಗಳಿರುವಾಗ, 1595ರ ಮೇ 25ರ ಪರಮಪ್ರಸಾದದ ಹಬ್ಬದ ದಿನವೆಲ್ಲ ಬಂದವರ ಪಾಪನಿವೇದನೆ ಕೇಳಿ, ಆ ರಾತ್ರಿ ದಾಟುತ್ತಿದ್ದಂತೆ ಪ್ರಭುವಿನ ಸನ್ನಿಧಿಗೆ ಸೇರಿದರು. 1622ರ ಮಾರ್ಚ್ 12ರಂದು ಇಗ್ನೇಷಿಯಸ್ ಲೊಯೋಲಾ, ಫ್ರಾನ್ಸಿಸ್ ಜೇವಿಯರ್, ಅವಿಲಾದ ತೆರೇಸಾ ಮತ್ತು ರೈತ ಇಸಿದೋರ್ ಇವರೊಡನೆ ಫಿಲಿಪರನ್ನೂ ಸಂತ ಪದವಿಗೇರಿಸಲಾಯಿತು.

ಪ್ರಿಯ ಕುಟುಂಬಗಳೇ, ಈ ತಿಂಗಳಲ್ಲಿ ಒಂದು ಭಾನುವಾರವನ್ನು ಫಿಲಿಪರಿಗೆ ಕೊಡಿ. ಬಲಿಪೂಜೆ ಮುಗಿಸಿ, ಮನೆಯಲ್ಲೇ ಕಟ್ಟಿದ ಬುತ್ತಿ ಹಿಡಿದು, ಮಕ್ಕಳೊಡನೆ ಕೆರೆಯ ಏರಿಗೋ, ಹತ್ತಿರದ ಗುಡ್ಡಕ್ಕೋ, ನೆರೆಯ ಧರ್ಮಕೇಂದ್ರದ ದೇವಾಲಯಕ್ಕೋ ನಡೆದು ಹೋಗಿ. ಮೊಬೈಲನ್ನು ಚೀಲದಲ್ಲೇ ಇಡಿ. ಅಜ್ಜಿಯಿಂದ ಒಂದು ಹಳೆಯ ಕೀರ್ತನೆ ಹಾಡಿಸಿ. ಒಂಟಿಯಾಗಿರುವ ನೆರೆಮನೆಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಸಂಜೆ ಮನೆಗೆ ಬಂದು, ಅದೇ ದಿನವನ್ನು ಪೇಟೆಯಲ್ಲಿ ಕಳೆದಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂದು ಗಂಡ ಹೆಂಡತಿ ಕುಳಿತು ಲೆಕ್ಕ ಹಾಕಿ. ಆ ಹಣದಲ್ಲಿ ಒಂದು ಪಾಲನ್ನು ಸಾಲದ ಕಂತಿಗೆ, ಒಂದು ಪಾಲನ್ನು ಮಕ್ಕಳ ಓದಿಗೆ, ಒಂದು ಪಾಲನ್ನು ನಿಮಗಿಂತ ಬಡವರಿಗೆ ಎತ್ತಿಡಿ. ನಡೆದ ಕಾಲು ನೋಯಬಹುದು, ಆದರೆ ಆ ರಾತ್ರಿ ಮನೆಮಂದಿಗೆಲ್ಲ ಒಳ್ಳೆಯ ನಿದ್ದೆ ಬರುತ್ತದೆ. ಸಂತ ಫಿಲಿಪ್ ನೇರಿಯವರ ಪ್ರಾರ್ಥನೆ ನಿಮ್ಮ ಮನೆಯ ನಗುವನ್ನು ಕಾಯಲಿ.