ನಾರಾಯಣ ವಾಮನ ತಿಲಕರು

ಕಲ್ಯಾಣವೆಂದೊಡನೆ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ಬಸವಣ್ಣನವರ ಕಲ್ಯಾಣ. ಆದರೆ ನಾವು ದಿನವೂ ಕಾಣುವ ಕಲ್ಯಾಣವು ಬೇರೆ. ಅದು ಉಲ್ಹಾಸ ನದಿಯ ದಂಡೆಯ ಮೇಲಿನ ಹಳೆಯ ಊರು. ರೈಲುದಾರಿಯು ಪುಣೆಯ ಕಡೆಗೊಂದು, ನಾಸಿಕದ ಕಡೆಗೊಂದು ಎಂದು ಕವಲೊಡೆಯುವ ಸ್ಥಳ. ಠಾಣೆ, ಡೊಂಬಿವಲಿಗಳ ನಮ್ಮ ವಿದ್ಯಾರ್ಥಿಗಳಿಗೆ ಅದು ಜನಸಂದಣಿಯ ಜಂಕ್ಷನ್ನೆಂದೇ ಪರಿಚಿತ. ಈ ಊರಿನಲ್ಲಿ ೧೮೬೯ರಿಂದ ೧೮೭೩ರ ವರೆಗೆ ಪ್ರಾಥಮಿಕ ವಿದ್ಯೆಯನ್ನು ಕಲಿತ ಒಬ್ಬ ಬಾಲಕನ ಚರಿತ್ರೆಯನ್ನು ಇಲ್ಲಿ ನಿರೂಪಿಸಲು ಬಯಸುತ್ತೇವೆ. ಆತನೇ ಮುಂದೆ ರೆವರೆಂಡ್ ನಾರಾಯಣ ವಾಮನ ತಿಲಕರೆಂದು ಪ್ರಸಿದ್ಧನಾದನು. ಗಾಯಗೊಂಡ ತಾಯಿಹಕ್ಕಿಯೊಂದು ಮರಿಗಳಿಗೆ ಕಡೆಯ ತುತ್ತನ್ನು ತಂದುಕೊಟ್ಟು ಪ್ರಾಣಬಿಡುವ ಮರಾಠಿ ಪದ್ಯವನ್ನು ಕೆಲವರಾದರೂ ಓದಿರಬಹುದು. ಅದನ್ನು ರಚಿಸಿದವರು ಇವರೇ. ತಿಲಕರೆಂದರೆ ಲೋಕಮಾನ್ಯರೇ ಎಂದು ಭಾವಿಸುವವರುಂಟು. ಇಬ್ಬರೂ ರತ್ನಾಗಿರಿ ಸೀಮೆಯವರು, ಸಮಕಾಲೀನರು. ಆದರೆ ಇವರ ದಾರಿಯೇ ಬೇರೆ.

ನಾರಾಯಣನು ೧೮೬೧ನೆಯ ಡಿಸೆಂಬರ ೬ರಂದು ರತ್ನಾಗಿರಿ ಜಿಲ್ಲೆಯ ಕರಜಗಾಂವದಲ್ಲಿ ಚಿತ್ಪಾವನ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದನು. ತಂದೆ ವಾಮನರಾಯರು ಸರಕಾರಿ ನೌಕರರು, ಕಠಿಣ ಸ್ವಭಾವದವರು. ತಾಯಿ ಜಾನಕೀಬಾಯಿ ಭಕ್ತೆ, ಮೃದುಮನಸ್ಸಿನವಳು. ಕಾವ್ಯದ ಬೀಜವು ಮಗನ ಮನಸ್ಸಿನಲ್ಲಿ ಬಿದ್ದುದು ಆಕೆಯಿಂದಲೇ. ಆಕೆ ತೀರಿಕೊಂಡ ಮೇಲೆ ಮನೆಯು ಆ ಹುಡುಗನನ್ನು ಹಿಡಿದಿಡಲಿಲ್ಲ. ಅವನು ಮನೆ ಬಿಟ್ಟು ನಾಸಿಕಕ್ಕೆ ಹೋಗಿ, ಗಣೇಶಶಾಸ್ತ್ರೀ ಲೇಲೆ ಎಂಬ ವಿದ್ವಾಂಸರಲ್ಲಿ ಸಂಸ್ಕೃತ ಕಾವ್ಯಗಳನ್ನು ಅಭ್ಯಾಸಮಾಡಿದನು. ಅನಂತರ ಎರಡು ವರ್ಷ ಶಾಲೆಯಲ್ಲಿ ಇಂಗ್ಲಿಷನ್ನೂ ಕಲಿತನು.

೧೮೮೦ರಲ್ಲಿ ಅವರ ವಿವಾಹವಾಯಿತು. ವಧು ನಾಸಿಕದ ಬಳಿಯ ಜಲಾಲಪುರದ ಗೋಖಲೆಯವರ ಮಗಳು, ಹನ್ನೊಂದು ವರ್ಷದ ಹುಡುಗಿ. ಮದುವೆಯ ತರುವಾಯ ಆಕೆಯ ಹೆಸರು ಲಕ್ಷ್ಮೀ ಎಂದಾಯಿತು. ಆಕೆಯ ತಂದೆಗೆ ಮಡಿಯೆಂದರೆ ಒಂದು ಬಗೆಯ ಹುಚ್ಚೇ ಇದ್ದಿತು. ಅಂಗಡಿಯಿಂದ ತಂದ ಉಪ್ಪು ಸಕ್ಕರೆಗಳನ್ನು ಸಹ ತೊಳೆಯದೆ ಒಳಗೆ ಸೇರಿಸುತ್ತಿರಲಿಲ್ಲ. ತೊಳೆದ ಸಕ್ಕರೆಯಲ್ಲಿ ಉಳಿಯುವುದೆಷ್ಟೆಂಬುದನ್ನು ವಾಚಕರೇ ಊಹಿಸಲಿ! ಇಂತಹ ಮನೆಯಲ್ಲಿ ಬೆಳೆದ ಹುಡುಗಿಯ ಬಾಳಿನಲ್ಲಿ ಮುಂದೆ ನಡೆದುದನ್ನು ತಿಳಿಯಬೇಕಾದರೆ ಈ ಮಡಿಯ ಮಾತನ್ನು ಮರೆಯಬಾರದು.

ತಿಲಕರು ಕೂತಲ್ಲಿ ಕೂರುವವರಲ್ಲ. ಶಿಕ್ಷಕರಾದರು, ಪೌರೋಹಿತ್ಯ ಮಾಡಿದರು, ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದರು, ಯಾವುದರಲ್ಲಿಯೂ ನೆಲೆನಿಲ್ಲಲಿಲ್ಲ. ಕೈಯಲ್ಲಿದ್ದುದನ್ನು ಬೇಡಿದವರಿಗೆ ಕೊಟ್ಟುಬಿಡುವ ಔದಾರ್ಯ ಒಂದೆಡೆ, ಕ್ಷಣದಲ್ಲಿ ಕೆರಳುವ ಕೋಪ ಇನ್ನೊಂದೆಡೆ. ಹೇಳದೆ ಕೇಳದೆ ಮನೆ ಬಿಟ್ಟು ಹೊರಡುತ್ತಿದ್ದರು. ಎಂದು ಬರುವರೆಂದು ಹೆಂಡತಿಯು ಬಾಗಿಲು ನೋಡುತ್ತ ದಿನಗಳೆಯುತ್ತಿದ್ದಳು. ಆದರೂ ಆಕೆಗೆ ಓದುಬರಹವನ್ನು ಕಲಿಸಿದವರು ಈ ಮುಂಗೋಪಿಯೇ. ೧೮೯೧ರಲ್ಲಿ ನಾಗಪುರದಲ್ಲಿ ಅಪ್ಪಾಸಾಹೇಬ ಬೂಟಿಯವರ ಆಶ್ರಯದಲ್ಲಿ ಸಂಸ್ಕೃತ ಗ್ರಂಥಗಳನ್ನು ಅನುವಾದಿಸುವ ಕೆಲಸ ದೊರೆಯಿತು. ‘ಋಷಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ದೇಶವು ಏಳಬೇಕು, ಜಾತಿಭೇದ ಅಳಿಯಬೇಕು, ಅದಕ್ಕೆ ತಕ್ಕ ಧರ್ಮವು ಬೇಕೆಂಬ ಚಿಂತೆಯು ಅವರನ್ನು ಒಳಗೊಳಗೇ ಸುಡುತ್ತಿತ್ತು.

೧೮೯೩ರಲ್ಲಿ ಅವರು ರಾಜನಾಂದಗಾಂವಕ್ಕೆ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಅದೇ ಡಬ್ಬಿಯಲ್ಲಿ ಬಿಳಿಯನೊಬ್ಬನಿದ್ದನು. ಆ ಕಾಲದಲ್ಲಿ ಬಿಳಿಯನು ನಮ್ಮವನಿಗೆ ಸರಿದು ಜಾಗ ಕೊಡುವುದೇ ಅಪರೂಪ. ಈತನಾದರೋ ವಿನಯದಿಂದ ನಡೆದುಕೊಂಡು, ಸಂಸ್ಕೃತ ಕಾವ್ಯದ ಮಾತೆತ್ತಿ, ಕ್ರಮೇಣ ಕ್ರಿಸ್ತನ ವಿಷಯಕ್ಕೆ ಬಂದನು. ಇಳಿಯುವ ಮುನ್ನ ಬೈಬಲಿನ ಪ್ರತಿಯೊಂದನ್ನು ಕೊಟ್ಟು, ಎರಡು ವರ್ಷಗಳೊಳಗೆ ತಿಲಕರು ಕ್ರೈಸ್ತರಾಗುವರೆಂದು ನುಡಿದನಂತೆ. ತಿಲಕರಿಗೆ ಆ ಭವಿಷ್ಯವು ನಗೆಯ ಮಾತಾಗಿ ತೋರಿತು. ಕೊಟ್ಟ ಮಾತಿಗಾಗಿ ಓದಲು ತೊಡಗಿದವರು ಪರ್ವತಪ್ರಸಂಗಕ್ಕೆ ಬಂದಾಗ ಪುಸ್ತಕವನ್ನು ಕೆಳಗಿಡಲಾರದೆ ಹೋದರು. ಶತ್ರುವನ್ನೂ ಪ್ರೀತಿಸೆಂಬ ಆ ಬೋಧೆಯಲ್ಲಿ ತಮ್ಮ ಪ್ರಶ್ನೆಗಳಿಗೆ ಉತ್ತರವಿದೆಯೆಂದು ಅವರಿಗೆ ತೋರಿತು.

ಯಾವ ಮತವು ಮೇಲು, ಯಾವುದು ಕೀಳು ಎಂಬ ಚರ್ಚೆ ನಮ್ಮ ಉದ್ದೇಶವಲ್ಲ. ಒಬ್ಬ ಮನುಷ್ಯನ ಅಂತರಂಗವು ಹೇಗೆ ಮಾರ್ಪಟ್ಟಿತೆಂಬುದನ್ನಷ್ಟೇ ನೋಡುತ್ತಿದ್ದೇವೆ. ೧೮೯೫ನೆಯ ಫೆಬ್ರವರಿ ೧೦ರಂದು ಮುಂಬಯಿಯಲ್ಲಿ ಅಮೇರಿಕನ್ ಮರಾಠಿ ಮಿಶನ್ನಿನಲ್ಲಿ ತಿಲಕರು ದೀಕ್ಷಾಸ್ನಾನವನ್ನು ಪಡೆದರು. ನಮ್ಮ ಕರಾವಳಿಯ ಮೂಲದ ಪಂಡಿತಾ ರಮಾಬಾಯಿಯವರು ೧೮೮೩ರಲ್ಲಿಯೇ ಇಂಗ್ಲೆಂಡಿನಲ್ಲಿ ಕ್ರೈಸ್ತರಾಗಿ ಮಹಾರಾಷ್ಟ್ರದಲ್ಲಿ ಕೋಲಾಹಲವೆದ್ದಿತ್ತು. ಆದರೆ ರಮಾಬಾಯಿಯವರು ಆಗ ವಿಧವೆ. ತಿಲಕರಿಗೆ ಹೆಂಡತಿಯಿದ್ದಳು, ದತ್ತು ಎಂಬ ಎಳೆಯ ಮಗನಿದ್ದನು. ಹೆಂಡತಿಯು ಜೊತೆಗಿಲ್ಲದ ಹೊತ್ತಿನಲ್ಲಿ ಅವರು ಈ ಹೆಜ್ಜೆಯಿಟ್ಟರು. ಸತ್ಯವೆಂದು ಕಂಡುದನ್ನು ಆಚರಿಸಿದ ಅವರ ಧೈರ್ಯವು ದೊಡ್ಡದು, ನಿಜ. ಆದರೆ ಅದರ ಬೆಲೆಯಲ್ಲಿ ಹೆಚ್ಚಿನ ಪಾಲನ್ನು ತೆತ್ತವಳು ಲಕ್ಷ್ಮೀಬಾಯಿ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಸುದ್ದಿಯನ್ನು ಕೇಳಿ ಆಕೆ ಹುಚ್ಚು ಹಿಡಿದವಳಂತಾದಳು. ಗಂಡನು ಬದುಕಿರುವಾಗಲೇ ಗಂಡನಿಲ್ಲದವಳಾಗಿ, ಮಗುವನ್ನು ಕಟ್ಟಿಕೊಂಡು, ಬಂಧುಗಳ ಮನೆಗಳಲ್ಲಿಯೂ ಪಂಢರಪುರದಲ್ಲಿಯೂ ಕಾಲ ಕಳೆದಳು.

ಆಗ ೧೮೬೬ರ ಒಂದು ಕಾನೂನು ಜಾರಿಯಲ್ಲಿತ್ತು. ಕ್ರೈಸ್ತನಾದವನ ಹೆಂಡತಿಯು ಮತಾಂತರದ ಕಾರಣಕ್ಕಾಗಿ ಆರು ತಿಂಗಳು ಅವನೊಡನೆ ಬಾಳದೆ ದೂರವಿದ್ದರೆ, ಅವನು ನ್ಯಾಯಾಲಯಕ್ಕೆ ಹೋಗಿ ಆ ಮದುವೆಯನ್ನು ಬಿಡಿಸಿಕೊಂಡು ಬೇರೆ ಮದುವೆಯಾಗಬಹುದಿತ್ತು. ತಿಲಕರು ಆ ಬಾಗಿಲನ್ನು ತಟ್ಟಲಿಲ್ಲ. ಆರು ತಿಂಗಳಲ್ಲ, ಸುಮಾರು ನಾಲ್ಕು ವರ್ಷ ಕಾದರು, ಕಾಗದಗಳನ್ನು ಬರೆದರು. ಹಿಂದೆ ಅಲೆಮಾರಿ ಗಂಡನಿಗಾಗಿ ಹೆಂಡತಿಯು ಬಾಗಿಲು ಕಾಯುತ್ತಿದ್ದಳು. ಈಗ ಕಾಯುವ ಸರದಿ ಅವರದಾಯಿತು. ದೀಕ್ಷಾಸ್ನಾನವು ಒಂದು ದಿನದ ಕಾರ್ಯ. ಮುಂಗೋಪಿಯು ತಾಳ್ಮೆಯನ್ನು ಕಲಿತುದು ಈ ನಾಲ್ಕು ವರ್ಷಗಳ ಕಾರ್ಯ. ತಿಲಕರ ನಿಜವಾದ ಪರಿವರ್ತನೆಯನ್ನು ನಾವು ಇಲ್ಲಿಯೇ ಕಾಣುತ್ತೇವೆ.

ಕಡೆಗೆ ಲಕ್ಷ್ಮೀಬಾಯಿ ಗಂಡನಿದ್ದ ಅಹಮದನಗರಕ್ಕೆ (ಈಗಿನ ಅಹಲ್ಯಾನಗರ) ಬಂದಳು. ಬಂದರೂ ಅಡಿಗೆ ಬೇರೆ, ನೀರು ಬೇರೆ, ಮಡಿ ಬೇರೆ. ತಿಲಕರು ಬಲವಂತ ಮಾಡಲಿಲ್ಲ. ಒಂದೇ ಸೂರಿನಡಿಯಲ್ಲಿ ಎರಡು ಧರ್ಮಗಳು ನಡೆದುವು. ಹೀಗಿರಲು ಒಂದು ದಿನ ಆಕೆಯ ಮನಸ್ಸಿನಲ್ಲಿ ಪ್ರಶ್ನೆಯೊಂದು ಎದ್ದಿತು: ಈ ಜಾತಿಭೇದವನ್ನು ಮಾಡಿದವನು ದೇವರೋ, ಮನುಷ್ಯನೋ? ದೇವರೇ ಮಾಡಿದ್ದರೆ ಪ್ರಾಣಿಗಳಲ್ಲಿ ಜಾತಿಗಳಿರುವಂತೆ ಮನುಷ್ಯರ ರೂಪದಲ್ಲಿಯೂ ಭೇದವಿರಬೇಕಿತ್ತಲ್ಲವೇ? ಆ ದಿನದಿಂದ ಯಾರ ಕೈಯ ನೀರನ್ನಾದರೂ ಕುಡಿಯುವೆನೆಂದು ಆಕೆ ನಿಶ್ಚಯಿಸಿದಳು. ಉಪ್ಪನ್ನು ತೊಳೆಯುತ್ತಿದ್ದ ಮನೆಯ ಮಗಳು! ೧೯೦೦ರಲ್ಲಿ ರಾಹುರಿಯಲ್ಲಿ ತಾನಾಗಿಯೇ ಇಚ್ಛಿಸಿ ದೀಕ್ಷೆ ಪಡೆದಳು. ಗಂಡನದು ಪುಸ್ತಕದಿಂದ ಬಂದ ಬೆಳಕು, ಹೆಂಡತಿಯದು ಅಡಿಗೆಮನೆಯಲ್ಲಿ ಹುಟ್ಟಿದ ವಿವೇಕ. ಎರಡನೆಯದೇ ಹೆಚ್ಚು ಕಷ್ಟದ್ದೆಂದು ನಮಗೆ ತೋರುತ್ತದೆ.

೧೯೦೪ರಲ್ಲಿ ತಿಲಕರು ಸಭಾಪಾಲಕರಾದರು. ಅಹಮದನಗರದಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು; ೧೯೧೨ರಿಂದ ‘ಜ್ಞಾನೋದಯ’ ಪತ್ರಿಕೆಯ ಮರಾಠಿ ವಿಭಾಗವನ್ನು ನೋಡಿಕೊಂಡರು. ಕ್ರೈಸ್ತರಾದೊಡನೆ ಪರದೇಶೀಯರಾಗಬೇಕೆಂಬುದನ್ನು ಅವರು ಒಪ್ಪಲಿಲ್ಲ. ತುಕಾರಾಮರ ಸೇತುವೆಯ ಮೇಲೆ ನಡೆದು ತಾವು ಕ್ರಿಸ್ತನ ಬಳಿ ಬಂದುದಾಗಿ ಹೇಳುತ್ತಿದ್ದರು. ಪರಭಾಷೆಯ ರಾಗಗಳಿಗೆ ಹೊಂದಿಸಿದ ಹಾಡುಗಳ ಬದಲು ಅಭಂಗ, ಭಜನೆ, ಕೀರ್ತನೆಗಳನ್ನು ಸಭೆಯೊಳಗೆ ತಂದರು. ನಮ್ಮ ದಾಸರ ಪದಗಳನ್ನು ತಾಳದೊಡನೆ ಕೇಳಿ ಬೆಳೆದವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಅವರ ಮನೆಯಲ್ಲಿ ಹಿಂದೂ ತರುಣರಿಗೂ ಆಶ್ರಯವಿದ್ದಿತು. ‘ಬಾಲಕವಿ’ ತ್ರ್ಯಂಬಕ ಬಾಪೂಜಿ ಠೋಂಬರೆ ಅಲ್ಲಿಯೇ ಮಗನಂತೆ ಇದ್ದು ಕವಿತೆ ಬರೆದನು.

೧೯೧೭ರಲ್ಲಿ ಮಿಶನ್ನಿನ ಸಂಬಳವನ್ನು ಬಿಟ್ಟು, ಸಾತಾರೆಯಲ್ಲಿ ‘ದೇವಾಚಾ ದರಬಾರ’ ಎಂಬ ಬಳಗವನ್ನು ಕಟ್ಟಿದರು. ದೀಕ್ಷಾಸ್ನಾನ ಪಡೆದವರೂ ಪಡೆಯದವರೂ ಅದರಲ್ಲಿ ಕ್ರಿಸ್ತನ ಶಿಷ್ಯರಾಗಿ ಸೇರಬಹುದಾಗಿತ್ತು. ಯಾವ ವಿಧಿಗಾಗಿ ೧೮೯೫ರಲ್ಲಿ ಮನೆಯನ್ನೇ ಕಳೆದುಕೊಂಡಿದ್ದರೋ, ಅದನ್ನು ಇತರರಿಗೆ ಬಾಗಿಲಾಗಿ ಇಡಲು ಅವರು ಒಪ್ಪಲಿಲ್ಲ. ಅದು ಬೇರೂರಲು ಕಾಲ ಸಾಲಲಿಲ್ಲ. ೧೯೧೯ನೆಯ ಮೇ ೯ರಂದು ಮುಂಬಯಿಯಲ್ಲಿ ತಿಲಕರು ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ದಹನಮಾಡಿ, ಅಸ್ಥಿಯನ್ನು ಅಹಮದನಗರಕ್ಕೆ ಒಯ್ದರು.

ಕ್ರಿಸ್ತನ ಚರಿತ್ರೆಯನ್ನು ಓವಿಗಳಲ್ಲಿ ಹೇಳುವ ‘ಖ್ರಿಸ್ತಾಯನ’ವನ್ನು ಅವರು ಆರಂಭಿಸಿದ್ದರು, ಬರೆದುದು ಹತ್ತರಷ್ಟು ಅಧ್ಯಾಯಗಳು ಮಾತ್ರ. ಕುಮಾರವ್ಯಾಸನು ನಿಲ್ಲಿಸಿದಲ್ಲಿಂದ ಭಾರತವನ್ನು ಮುಂದುವರಿಸಲು ತಿಮ್ಮಣ್ಣ ಕವಿಯಿದ್ದನು. ಇಲ್ಲಿ ಆ ಕೆಲಸಕ್ಕೆ ನಿಂತವಳು ಲಕ್ಷ್ಮೀಬಾಯಿ. ಗಂಡನಿಂದ ಅಕ್ಷರ ಕಲಿತಿದ್ದ ಆಕೆ ಅರವತ್ತಕ್ಕೂ ಮೇಲ್ಪಟ್ಟ ಅಧ್ಯಾಯಗಳನ್ನು ರಚಿಸಿ ಆ ಕಾವ್ಯವನ್ನು ಮುಗಿಸಿದಳು. ‘ಸ್ಮೃತಿಚಿತ್ರೇ’ ಎಂಬ ಆತ್ಮಕಥೆಯನ್ನೂ ಬರೆದು ೧೯೩೬ರಲ್ಲಿ ತೀರಿಕೊಂಡಳು. ತಿಲಕರ ಕೋಪ, ಅಲೆದಾಟ, ತಾಳ್ಮೆ ಎಲ್ಲವನ್ನೂ ನಗುನಗುತ್ತ ಹೇಳುವ ಆ ಪುಸ್ತಕವನ್ನು ಮರಾಠಿ ಬಲ್ಲ ನಮ್ಮ ಮೇಲಿನ ತರಗತಿಯವರು ಅವಶ್ಯವಾಗಿ ಓದಬಹುದು.