ಬಾಡದ ಕನಕದಾಸರು

ಬಂಕಾಪುರದ ಕೋಟೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಅದಕ್ಕೆ ಸಮೀಪದಲ್ಲಿ ಬಾಡವೆಂಬ ಗ್ರಾಮವುಂಟು. ಸುಮಾರು 500 ವರ್ಷಗಳ ಹಿಂದೆ, ವಿಜಯನಗರದ ಅರಸರ ಕಾಲದಲ್ಲಿ, ಕನಕದಾಸರು ಹುಟ್ಟಿದ ಊರು ಇದೇ. ತಂದೆ ಬೀರಪ್ಪ, ತಾಯಿ ಬಚ್ಚಮ್ಮ, ಕುಲವು ಕುರುಬರದು. ಮಗುವಿಗೆ ಅವರಿಟ್ಟ ಹೆಸರು ತಿಮ್ಮಪ್ಪ.

ತಂದೆಯು ಬಂಕಾಪುರ ಸೀಮೆಯ ನಾಯಕನಾಗಿದ್ದುದರಿಂದ ತಿಮ್ಮಪ್ಪನು ಓದುಬರಹವನ್ನೂ ಕತ್ತಿವರಸೆಯನ್ನೂ ಕಲಿತು, ತಂದೆಯ ತರುವಾಯ ಆ ಅಧಿಕಾರವನ್ನು ವಹಿಸಿದನು. ನೆಲದಲ್ಲಿ ದೊರೆತ ಹೊನ್ನನ್ನು ಧರ್ಮಕಾರ್ಯಕ್ಕೆ ವ್ಯಯಮಾಡಿದ್ದರಿಂದ ಕನಕನೆಂಬ ಹೆಸರು ಬಂತೆಂದೂ, ಒಂದು ಯುದ್ಧದಲ್ಲಿ ಬಲವಾಗಿ ಗಾಯಗೊಂಡು ಬದುಕಿ ಉಳಿದ ಮೇಲೆ ಆತನ ಮನಸ್ಸು ತಿರುಗಿತೆಂದೂ ಜನರು ಹೇಳುವರು. ಹೇಗೂ ಆತನು ನಾಯಕತನವನ್ನು ಬಿಟ್ಟು, ಕಾಗಿನೆಲೆಯ ಆದಿಕೇಶವನ ದಾಸನಾಗಿ, ವ್ಯಾಸರಾಯರ ಶಿಷ್ಯನಾದನು.

ಆರಾಧನೆಯಲ್ಲಿ ಅವರ ಮಾರ್ಗ ಬೇರೆ, ನಮ್ಮ ಮಾರ್ಗ ಬೇರೆ. ಆದರೂ ಅವರು ಅನುಭವಿಸಿದ ನೋವು ನಮ್ಮ ಹಿರಿಯರಿಗೂ ತಿಳಿದದ್ದೇ. ಕುರುಬನಿಗೆ ಗುರುಗಳು ತೋರಿದ ಆದರವನ್ನು ಮೇಲುಕುಲದ ಶಿಷ್ಯರು ಸಹಿಸಲಿಲ್ಲವೆಂದೂ, ಉಡುಪಿಯಲ್ಲಿ ಅವರಿಗೆ ಗುಡಿಯೊಳಗೆ ಪ್ರವೇಶ ದೊರೆಯದೆ ಹೋಯಿತೆಂದೂ ಪರಂಪರೆಯ ಮಾತುಂಟು. ಅಲ್ಲಿಯ ಗೋಡೆಯಲ್ಲಿರುವ ಕನಕನ ಕಿಂಡಿಯು ಈ ಸಂಗತಿಯನ್ನು ಇಂದಿಗೂ ನೆನಪಿಗೆ ತರುತ್ತದೆ.

ಇಂಥ ಅನ್ಯಾಯದ ಎದುರಿಗೆ ಒಬ್ಬ ಮನುಷ್ಯನು ಏನು ಮಾಡಬಲ್ಲನು? ಕತ್ತಿಯನ್ನು ಅವರು ಆಗಲೇ ಬಿಟ್ಟಿದ್ದರು. ಅವರಲ್ಲಿ ಉಳಿದಿದ್ದವು ಎರಡೇ: ಕಲಿತ ಕಾವ್ಯವಿದ್ಯೆ, ಮತ್ತು ದುಡಿಯುವ ಜನರ ಮನೆಯ ಪರಿಚಯ. ಈ ಎರಡನ್ನೂ ಕೂಡಿಸಿ ಅವರು ರಾಮಧಾನ್ಯಚರಿತ್ರೆಯೆಂಬ ಕಾವ್ಯವನ್ನು ರಚಿಸಿದರು. ಅದರಲ್ಲಿ ಉಳ್ಳವರ ಅನ್ನವಾದ ನೆಲ್ಲಿಗೂ ಬಡವರ ಅನ್ನವಾದ ರಾಗಿಗೂ ಶ್ರೇಷ್ಠತೆಯ ವಿಷಯವಾಗಿ ಜಗಳವಾಗುತ್ತದೆ. ರಾಮನು ಎರಡನ್ನೂ 6 ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ತೀರಿದಾಗ ನೆಲ್ಲು ಕೆಟ್ಟುಹೋಗಿರುತ್ತದೆ. ರಾಗಿ ಸಾರಗುಂದದೆ ಉಳಿದಿರುತ್ತದೆ. ಆಗ ರಾಗಿಗೆ ರಾಮನ ಹೆಸರೇ ದೊರೆಯುತ್ತದೆ. ನಮ್ಮ ಸೀಮೆಯಲ್ಲಿ ಜೋಳವನ್ನುಣ್ಣುವ ಬಡವನಿಗೂ ಈ ಕಥೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾವ್ಯದಿಂದ ಕುಲಭೇದವು ಅಳಿಯಲಿಲ್ಲ. ಅಸ್ಪೃಶ್ಯತೆಯು ನಮ್ಮ ದೇಶದ ಕಾನೂನಿನಿಂದ ತೆಗೆದುಹಾಕಲ್ಪಟ್ಟದ್ದು 1950ರಲ್ಲಿ, ಸಂವಿಧಾನದ 17ನೆಯ ವಿಧಿಯ ಮೂಲಕ. ಮನಸ್ಸುಗಳಿಂದ ಅದು ಇನ್ನೂ ಪೂರ್ಣವಾಗಿ ಹೋಗಿಲ್ಲ. ಆದರೆ ಎಲ್ಲವೂ ತಮ್ಮಿಂದಾಗದೆಂದು ಕನಕದಾಸರು ಸುಮ್ಮನೆ ಕೂಡಲಿಲ್ಲ. ತಮ್ಮ ಕೈಗೆ ಬಂದ ಕೆಲಸವನ್ನು ಮಾಡಿ ಹೋದರು.

ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ನಾವು ಒಂದು ಸಭೆಯಲ್ಲಿ ಉಪದೇಶಕರಾಗಿದ್ದಾಗ, ಪ್ರೀತಿಭೋಜನದ ದಿನ ಕೆಲವರು ತಮ್ಮ ಪೂರ್ವದ ಕುಲವನ್ನು ಎಣಿಸಿಕೊಂಡು, ಬಡ ಸಹೋದರರ ಪಂಕ್ತಿಯನ್ನು ಬಿಟ್ಟು ಬೇರೆ ಕುಳಿತರು. ಸಭೆಯಲ್ಲಿ ಜಗಳವಾದೀತೆಂದು ಹೆದರಿ, ನಾವು ಬಡಿಸುವವರೊಂದಿಗೆ ನಿಂತೇ ಇದ್ದೆವು. ಆ ಸಂಜೆ ಲೋಕದ ಅನ್ಯಾಯಗಳ ವಿಷಯವಾಗಿ ದೀರ್ಘವಾದ ಪ್ರಾರ್ಥನೆಯನ್ನೂ ಮಾಡಿದೆವು.

ಪ್ರಿಯ ವಾಚಕರೇ, ಲೋಕದ ಭಾರವೆಲ್ಲವೂ ಒಬ್ಬನ ಹೆಗಲಿನ ಮೇಲೆ ಇಲ್ಲ. ಓದಬಲ್ಲವನು ಓದಲಾರದವನಿಗೆ ಅರ್ಜಿಯನ್ನು ಬರೆದುಕೊಡಲಿ; ಬಾವಿಯುಳ್ಳವನು ಹಗ್ಗವನ್ನು ಎಲ್ಲರಿಗೂ ಬಿಡಲಿ. ನಮ್ಮ ಪಾಲಿನ ಕೆಲಸವು ಆ ದಿನ ಬಹು ಚಿಕ್ಕದಾಗಿತ್ತು: ಆ ಬಡವರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು.