ಉಳವಿಯ ಅವಿರಳಜ್ಞಾನಿ ಶ್ರೀ ಚೆನ್ನಬಸವಣ್ಣನವರು

ಶಿವಶರಣರ ಚರಿತ್ರೆಯಲ್ಲಿ ಪ್ರಾಣವನ್ನು ತೃಣವೆಂದೆಣಿಸಿದವರು ಅನೇಕರುಂಟು. ಆದರೆ ಮುಂದೆ ಹುಟ್ಟಲಿರುವ ಭಕ್ತರ ಸಲುವಾಗಿ ಪ್ರಾಣವನ್ನೊತ್ತೆಯಿಟ್ಟು, ಧರ್ಮದ ನಿಧಿಯನ್ನು ಹೊತ್ತು ನಡೆದವರಲ್ಲಿ ಶ್ರೀ ಚೆನ್ನಬಸವಣ್ಣನವರು ಅಗ್ರಗಣ್ಯರು.

ಇವರು ಶ್ರೀ ಬಸವಣ್ಣನವರ ಅಕ್ಕನಾದ ಅಕ್ಕನಾಗಮ್ಮನವರ ಪುತ್ರರು. ಕಲ್ಯಾಣದಲ್ಲಿ ಸೋದರಮಾವನ ನೆರಳಿನಲ್ಲಿ ಬೆಳೆದು, ಎಳೆಯ ಪ್ರಾಯದಲ್ಲಿಯೇ ಷಟ್‌ಸ್ಥಲಶಾಸ್ತ್ರವನ್ನು ಕ್ರಮಗೊಳಿಸಿ ಷಟ್‌ಸ್ಥಲ ಚಕ್ರವರ್ತಿಯೆಂಬ ಬಿರುದಿಗೆ ಪಾತ್ರರಾದರು. ಸೊನ್ನಲಿಗೆಯ ಸಿದ್ಧರಾಮರಿಗೆ ಲಿಂಗದೀಕ್ಷೆಯನ್ನಿತ್ತವರು ಇವರೇ ಎಂಬುದು ಸಂಪ್ರದಾಯ. ಕರಣಹಸಿಗೆ, ಮಿಶ್ರಾರ್ಪಣ, ಮಂತ್ರಗೋಪ್ಯಗಳು ಇವರ ಹೆಸರಿನಲ್ಲಿ ಪ್ರಸಿದ್ಧವಾಗಿವೆ.

1162ರ ಸುಮಾರಿಗೆ ಕಲಚುರಿ ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನು ತನ್ನದಾಗಿ ಮಾಡಿಕೊಂಡನು. ಕೆಲವು ವರ್ಷಗಳಲ್ಲಿಯೇ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಶರಣ ಮಧುವಯ್ಯನವರ ಮಗಳಿಗೂ ನಡೆದ ವಿವಾಹವು ಕಲ್ಯಾಣದಲ್ಲಿ ಕಿಚ್ಚನ್ನೆಬ್ಬಿಸಿತು. ತಂದೆಯರಿಬ್ಬರೂ ಘೋರ ಶಿಕ್ಷೆಗೆ ಗುರಿಯಾದರು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು. ಆ ಬಳಿಕ ರಾಜಸೈನ್ಯವು ಶರಣರ ಬೆನ್ನು ಹತ್ತಿತು.

ಆಗ ಚೆನ್ನಬಸವಣ್ಣನವರ ಮುಂದೆ ಎರಡು ಸುಲಭದ ದಾರಿಗಳಿದ್ದುವು. ಲಿಂಗವನ್ನು ಮರೆಮಾಡಿ ಬದುಕುವುದು ಒಂದು. ಕಲ್ಯಾಣದಲ್ಲಿಯೇ ಹೋರಾಡಿ ಮಡಿಯುವುದು ಇನ್ನೊಂದು. ಮೊದಲನೆಯದರಲ್ಲಿ ನಿಷ್ಠೆ ಅಳಿಯುತ್ತಿತ್ತು. ಎರಡನೆಯದರಲ್ಲಿ ವಚನಗಳು ಅಳಿಯುತ್ತಿದ್ದುವು. ಅವರು ಇವೆರಡನ್ನೂ ಒಲ್ಲದೆ, ವೃದ್ಧರನ್ನೂ ಸ್ತ್ರೀಯರನ್ನೂ ಮಕ್ಕಳನ್ನೂ ಓಲೆಗರಿಯ ಕಟ್ಟುಗಳನ್ನೂ ಕೂಡಿಕೊಂಡು ಪಡುವಣ ಸಹ್ಯಾದ್ರಿಯತ್ತ ಹೊರಟರು. ದಾರಿ 400 ಕಿಲೋಮೀಟರಿಗೂ ಮಿಕ್ಕಿದ್ದು. ಬೆನ್ನ ಹಿಂದೆ ಖಡ್ಗ, ಕಣ್ಣ ಮುಂದೆ ಘೋರಾರಣ್ಯ.

ಹಿಂದಣ ಕಾವಲನ್ನು ಮಡಿವಾಳ ಮಾಚಯ್ಯನವರು ಹೊತ್ತರು. ಮಲಪ್ರಭೆಯ ತೀರದ ಕಾದರವಳ್ಳಿಯಲ್ಲಿ ಕಾಳಗವಾಯಿತೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯವರ ಐಕ್ಯಸ್ಥಾನವು ಅದೇ ನದಿಯ ತೀರದ ಎಂ. ಕೆ. ಹುಬ್ಬಳ್ಳಿಯಲ್ಲಿಯೂ, ಡೋಹರ ಕಕ್ಕಯ್ಯನವರ ಗದ್ದುಗೆಯು ಕಕ್ಕೇರಿಯಲ್ಲಿಯೂ ಇವೆ. ಹೀಗೆ ದಾರಿಯುದ್ದಕ್ಕೂ ಶರಣರನ್ನು ಕಳೆದುಕೊಳ್ಳುತ್ತ, ಉಳಿದವರು ಇಂದಿನ ಜೋಯಿಡಾ ತಾಲೂಕಿನ ಉಳವಿಯನ್ನು ಸೇರಿದರು. ಅಲ್ಲಿಯ ಮಹಾಮನೆ ಗವಿಯೂ ಅಕ್ಕನಾಗಮ್ಮನ ಗವಿಯೂ ಆ ದಿನಗಳ ಸ್ಮರಣೆಯನ್ನು ಇಂದಿಗೂ ಕಾದುಕೊಂಡಿವೆ.

ಉಳವಿಯಲ್ಲಿ ಚೆನ್ನಬಸವಣ್ಣನವರು ಬಹುಕಾಲ ಬಾಳಲಿಲ್ಲ, ಅಲ್ಪವಯಸ್ಸಿನಲ್ಲಿಯೇ ಲಿಂಗೈಕ್ಯರಾದರು. ತಾವು ಕಾಪಾಡಿದ ಓಲೆಗಳನ್ನು ಯಾರು ಓದುವರೆಂಬುದನ್ನು ಅವರು ಕಾಣಲಿಲ್ಲ. ಫಲವನ್ನು ಕಂಡು ಮಾಡುವುದು ವ್ಯವಹಾರ. ಫಲವನ್ನು ಲಿಂಗಕ್ಕೆ ಬಿಟ್ಟು ಸರ್ವಸ್ವವನ್ನೂ ಪಣವಾಗಿಡುವುದು ಭಕ್ತಿ. ಇದೇ ಅವರ ಸಾಹಸದ ತಿರುಳು. ಪ್ರಾಣದಾಸೆಯನ್ನು ತೊರೆದಿದ್ದರೂ ಅವರು ಪ್ರಾಣವನ್ನು ವ್ಯರ್ಥವಾಗಿ ಚೆಲ್ಲಲಿಲ್ಲ.

ಆ ಬಿತ್ತು ನಿಧಾನವಾಗಿ ಮೊಳೆಯಿತು. ಹದಿನೈದನೆಯ ಶತಮಾನದಲ್ಲಿ ಶೂನ್ಯಸಂಪಾದನೆಯು ಸಂಕಲಿತವಾಯಿತು. 1584ರಲ್ಲಿ ವಿರೂಪಾಕ್ಷ ಪಂಡಿತನು ಚೆನ್ನಬಸವಪುರಾಣವನ್ನು ಬರೆದು ಮುಗಿಸಿದನು. ಊರೂರು ತಿರುಗಿ ಓಲೆಗಳನ್ನು ಕಲೆಹಾಕಿದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ವಚನಗಳೆಲ್ಲವೂ ಉಳವಿಯ ಮಾರ್ಗವಾಗಿಯೇ ನಮಗೆ ಬಂದುವೆನ್ನಲಾಗದು. ಅನೇಕ ಮಠಗಳೂ ಭಕ್ತರ ಮನೆಗಳೂ ಅವನ್ನು ಉಳಿಸಿಕೊಂಡು ಬಂದುವು. ಆದರೆ ಜೀವವನ್ನು ಕೊಟ್ಟಾದರೂ ಓಲೆಯನ್ನು ಕಾಯಬೇಕೆಂಬ ಪಾಠವನ್ನು ನಾವು ಕಲಿತುದು ಉಳವಿಯ ದಾರಿಯಿಂದಲೇ.

ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿಯ ಕಡೆಯಿಂದ ಭಕ್ತರು ಈಗಲೂ ಚಕ್ಕಡಿಗಳನ್ನು ಹೂಡಿಕೊಂಡು ಅಡವಿಯನ್ನು ಹಾಯ್ದು ಉಳವಿಗೆ ಬರುತ್ತಾರೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯೇ ಇರುವ ಈ ಸೀಮೆಯಲ್ಲಿ ಗ್ರಂಥವನ್ನು ಅಚ್ಚು ಹಾಕಿಸಲು ಇಂದು ಯಾರೂ ಪ್ರಾಣವನ್ನು ಪಣವಾಗಿಡಬೇಕಿಲ್ಲ. ಆದರೂ ಜಗುಲಿಯ ಮೇಲೆ ವಿಭೂತಿ, ಪತ್ರೆಗಳಿಂದ ಪೂಜೆಗೊಳ್ಳುತ್ತಲೇ ಗೆದ್ದಲಿಗೆ ಆಹಾರವಾಗುತ್ತಿರುವ ಕಟ್ಟುಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಭಕ್ತಮಹಾಶಯರು ಅವುಗಳನ್ನು ಬಿಚ್ಚಿ ನೋಡಲಿ; ಓದಬಲ್ಲವರ ಕೈಗೆ ಒಪ್ಪಿಸಲಿ. ಚೆನ್ನಬಸವಣ್ಣನವರಿಗೆ ಸಲ್ಲಬೇಕಾದ ಸೇವೆಯಲ್ಲಿ ಇದು ಮೊದಲನೆಯದು.